ಅಳತೆಗೋಲು ಯಾರ ಕೈಯಲ್ಲಿ?

ಒಂದು ಉಪಕರಣವನ್ನು ಬಲ್ಲವರ ಕೈಗೆ ಮಾತ್ರ ಕೊಡಬೇಕೆ, ತಿಳಿಯಬೇಕೆಂದು ಹಂಬಲಿಸುವವರಿಗೂ ಕೊಡಬೇಕೆ? ಈಜು ಬಾರದವರು ನೀರಿಗಿಳಿಯಬಾರದು ಎನ್ನುತ್ತೇವೆ. ನೀರಿಗಿಳಿಯದೆ ಈಜು ಬರುವುದಾದರೂ ಹೇಗೆ?

ಚಿಕ್ಕಮಗಳೂರು ಎಂದೊಡನೆ ಎಲ್ಲರಿಗೂ ಮಲೆನಾಡು ನೆನಪಾಗುತ್ತದೆ. ಆದರೆ ನಮ್ಮ ಹಿರೇನಲ್ಲೂರು ಕಡೂರಿನ ಬಯಲುಸೀಮೆಯದು. ಕೊಳವೆಬಾವಿಯನ್ನು ನಂಬಿ ಬದುಕುವ ಸೀಮೆ. ಆಳದ ನೀರಿನಲ್ಲಿ ಏನೇನಿದೆಯೆಂದು ನಾಲಿಗೆ ಹೇಳಲಾರದು. ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಂ ದಾಟಿದರೂ ರುಚಿ, ವಾಸನೆ ಇಲ್ಲ. ವರ್ಷಗಟ್ಟಲೆ ಕುಡಿದ ಮೇಲೆ ಮಕ್ಕಳ ಹಲ್ಲಿನ ಕಲೆ, ದೊಡ್ಡವರ ಕೀಲುನೋವು ಅದನ್ನು ಹೇಳುತ್ತವೆ. ಪಾವಗಡದ ಕಡೆಯವರಿಗೆ ಇದು ಹೊಸ ಮಾತಲ್ಲ.

ಇದನ್ನು ಅಳೆಯುವ ಎಲೆಕ್ಟ್ರೋಡು 1966ರಿಂದಲೂ ಇದೆ. ತುದಿಯಲ್ಲಿ ಲ್ಯಾಂಥನಮ್ ಫ್ಲೋರೈಡಿನ ಹರಳು. ನೀರಿನಲ್ಲಿ ಫ್ಲೋರೈಡು ಹತ್ತು ಪಟ್ಟಾದರೆ ಮೀಟರಿನಲ್ಲಿ ಸುಮಾರು 59 ಮಿಲಿವೋಲ್ಟಿನ ವ್ಯತ್ಯಾಸ. ಬಿ.ಎ., ಬಿ.ಎಡ್. ಮಾಡಿದ ನಾನು ಪುಸ್ತಕದಿಂದ ಇಷ್ಟು ಕಲಿತೆ. ಕಣ್ಣಾರೆ ನೋಡೋಣವೆಂದು ಒಂದು ಕಾಲೇಜಿಗೆ ಹೋದೆ. “ಮೇಡಂ, ಸಮಾಜ ಪಾಠ ಮಾಡುವ ನಿಮಗೆ ಇದೆಲ್ಲ ಏಕೆ? ಒಡೆದರೆ ಯಾರು ಹೊಣೆ?” ಎಂದರು.

ಎರಡನೆಯ ಪ್ರಶ್ನೆ ನ್ಯಾಯವಾದದ್ದೇ. ಸಾಮಾನು ಕೆಟ್ಟರೆ ಮೇಲಿನವರಿಗೆ ಉತ್ತರ ಹೇಳಬೇಕಾದವರು ಅವರು. ನನ್ನನ್ನು ಕಾಡಿದ್ದು ಮೊದಲನೆಯದು. ಅದೇ ನೀರಿನಲ್ಲಿ ಅನ್ನ ಬೇಯಿಸಿ ಮಕ್ಕಳಿಗೆ ಬಡಿಸುವವರು ನಾವಲ್ಲವೆ?

ಅಳತೆ ಒಬ್ಬರ ಕೈಯಲ್ಲೇ ಉಳಿದರೆ ಏನಾಗುತ್ತದೆಂದು ನೀವೂ ಕಂಡಿರಬಹುದು. ನೀರು ಶುದ್ಧಮಾಡುವ ಯಂತ್ರ ಮಾರಲು ಬಂದವನು ನಲ್ಲಿಯ ನೀರಿನ ಲೋಟದಲ್ಲಿ ಎರಡು ಸರಳು ಇಳಿಸಿ ಕರೆಂಟು ಕೊಡುತ್ತಾನೆ. ನೀರು ಕಂದಾಗಿ ಗಷ್ಟು ಕಟ್ಟುತ್ತದೆ. ಗೃಹಿಣಿ ಬೆಚ್ಚುತ್ತಾಳೆ. ನಿಜವಾಗಿ ಅದು ಕಬ್ಬಿಣದ ಸರಳೇ ಕರಗಿ ಆದ ತುಕ್ಕು. ಅವನ ಯಂತ್ರದ ನೀರಿನಲ್ಲಿ ಲವಣ ಕಡಿಮೆ, ಕರೆಂಟು ಹರಿಯುವುದಿಲ್ಲ, ಬಣ್ಣವೂ ಬರುವುದಿಲ್ಲ. ಅಗ್ಗದ ಟಿಡಿಎಸ್ ಮೀಟರೂ ಒಟ್ಟು ಲವಣವನ್ನಷ್ಟೇ ಅಂದಾಜು ಮಾಡುತ್ತದೆ; ಫ್ಲೋರೈಡನ್ನು ಬೇರೆಯಾಗಿ ತೋರಿಸದು. ಇಷ್ಟು ಗೊತ್ತಿದ್ದರೆ ಹೆದರಬೇಕಾಗಿಲ್ಲ.

1812ರಲ್ಲಿ ಲಂಡನ್ನಿನಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುತ್ತಿದ್ದ ಮೈಕೆಲ್ ಫ್ಯಾರಡೆ ಏಳು ತಾಮ್ರದ ನಾಣ್ಯ, ಏಳು ಸತುವಿನ ಬಿಲ್ಲೆ, ಉಪ್ಪುನೀರಿನಲ್ಲಿ ನೆನೆಸಿದ ಆರು ಕಾಗದ ಸೇರಿಸಿ ಬ್ಯಾಟರಿ ಮಾಡಿಕೊಂಡ. ಮರುವರ್ಷ ರಾಯಲ್ ಇನ್‌ಸ್ಟಿಟ್ಯೂಷನ್ ಅವನನ್ನು ಪ್ರಯೋಗಾಲಯದ ಸಹಾಯಕನಾಗಿ ಸೇರಿಸಿಕೊಂಡಿತು. ವಿದ್ಯುದ್ವಿಭಜನೆಯ ನಿಯಮಗಳನ್ನು ಕೊಟ್ಟವನು ಅವನೇ. ಹಂಬಲ ಅವನದು, ನಿಜ. ಬಾಗಿಲು ತೆರೆದವರೂ ಇದ್ದರು.

2019ರಲ್ಲಿ ಶುರುವಾದ ಜಲಜೀವನ್ ಮಿಷನ್ನಿನಲ್ಲಿ ಹಳ್ಳಿಗೆ ಐವರು ಹೆಂಗಸರಿಗೆ ನೀರು ಪರೀಕ್ಷೆ ಕಲಿಸುವ ಏರ್ಪಾಡಿದೆ. ಬಣ್ಣ ಹೋಲಿಸಿ ನೋಡುವ ಸರಳ ಕಿಟ್ಟು ಅದು. ಪದವಿ ಕೇಳದೆ ಹೆಂಗಸರನ್ನು ನಂಬಿದ್ದು ದೊಡ್ಡ ಮಾತು.

ಕಾಲೇಜಿನ ಬೀರುಗಳೂ ಹೀಗೆ ತೆರೆಯಲಿ ಎನ್ನುತ್ತೇನೆ. ತಿಂಗಳಿಗೊಂದು ದಿನ ಇರಲಿ, ಬಲ್ಲವರೊಬ್ಬರು ಪಕ್ಕದಲ್ಲಿ ನಿಲ್ಲಲಿ, ಹೆಸರು ಬರೆದಿಟ್ಟುಕೊಳ್ಳಲಿ. ಒಡೆದರೆ ತುಂಬಿಕೊಡುವ ಹೊಣೆ ಕೇಳಿದವರದು. ಕಂಡ ಅಂಕಿಯನ್ನು ಕಂಡಂತೆಯೇ ಹೇಳುವ ಹೊಣೆಯೂ ಅವರದೇ. ಸಂತೆಯಲ್ಲಿ ತರಕಾರಿ ಕೊಳ್ಳುವಾಗ ತಕ್ಕಡಿಯ ಮುಳ್ಳನ್ನು ಬಗ್ಗಿ ನೋಡುತ್ತೇವೆ. “ಇದೆಲ್ಲ ನಿಮಗೇಕಮ್ಮ?” ಎಂದು ಅಲ್ಲಿ ಯಾರೂ ಕೇಳುವುದಿಲ್ಲ.