ಹೊಳೆದಂಡೆಯ ತಾಯಂದಿರು

ಆನೆಗೊಂದಿ ಸೀಮೆಯಲ್ಲಿ ಪಂಪೆಯೆಂಬ ದೇವಿಯ ಹೆಸರಿಗೆ ಬರವಿಲ್ಲ. ತುಂಗಭದ್ರಾ ಹೊಳೆಯ ಈ ದಂಡೆಗೆ ಪಂಪಾಸರೋವರ, ಆ ದಂಡೆಗೆ ಹಂಪಿಯ ಪಂಪಾಕ್ಷೇತ್ರ. ಏಳನೆಯ ಶತಮಾನದ ಕೊನೆಯಲ್ಲಿ, ಬಾದಾಮಿಯ ವಿನಯಾದಿತ್ಯನ ಶಾಸನದಲ್ಲೇ ಈ ಹೆಸರಿದೆ. ಮೊದಲಿದ್ದವಳು ಈ ಊರದೇವತೆ, ಶಿವ ಆಮೇಲೆ ಬಂದ ಎನ್ನುವ ಇತಿಹಾಸಕಾರರಿದ್ದಾರೆ. ಪುರಾಣ ಮಾತ್ರ ಅವಳನ್ನು ತಪಸ್ಸಿಗೆ ಕೂರಿಸಿ, ಶಿವನಿಗೆ ಕೊಟ್ಟು ಮದುವೆ ಮಾಡಿತು. ಆತ ಪಂಪಾಪತಿಯಾದ; ವಿಜಯನಗರದ ಅರಸರು ಶಾಸನಗಳ ಕೊನೆಗೆ ಒಪ್ಪ ಹಾಕಿದ್ದು ಅವನದೇ ಇನ್ನೊಂದು ಹೆಸರಿನಲ್ಲಿ, ‘ಶ್ರೀ ವಿರೂಪಾಕ್ಷ’ ಎಂದು. ಫಲಪೂಜೆಯಲ್ಲಿ ನಿಶ್ಚಯ, ಚೈತ್ರದಲ್ಲಿ ಕಲ್ಯಾಣ ಇಂದಿಗೂ ನಡೆಯುತ್ತವೆ. ದೊಡ್ಡ ಗುಡಿ ಗಂಡನದು, ಅವಳಿಗೆ ಒಳಗೊಂದು ಚಿಕ್ಕ ಗುಡಿ.

ಅದೇ ಹೊಳೆಯ ಮೇಲ್ಗಡೆ, ಮುನಿರಾಬಾದಿನ ಮಗ್ಗುಲಿಗೆ, ಹುಲಿಗಿಯಲ್ಲಿ ಹುಲಿಗೆಮ್ಮನಿದ್ದಾಳೆ. ನಾಗಜೋಗಿ, ಬಸವಜೋಗಿ ಎಂಬಿಬ್ಬರು ಹುಣ್ಣಿಮೆ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನಿಗೆ ನಡೆಯುತ್ತಿದ್ದರಂತೆ. ಒಮ್ಮೆ ಮಳೆ ಹಿಡಿದು ದಾರಿ ಕಟ್ಟಿತು. ಇನ್ನು ನೀವು ಬರಬೇಡಿ, ನಾನೇ ಬರುತ್ತೇನೆ ಎಂದಳಂತೆ ತಾಯಿ. ಪಂಪೆ ದೇವರಿಗಾಗಿ ತಪಸ್ಸು ಮಾಡಿದಳು. ಇವಳು ಭಕ್ತರಿಗಾಗಿ ಊರು ಬಿಟ್ಟು ಬಂದಳು.  ಹಾಗೆ ನೋಡಿದರೆ ಎಲ್ಲಮ್ಮನಿಗೂ ಗಂಡನಿದ್ದ, ಜಮದಗ್ನಿ, ಅವಳ ತಲೆ ಕಡಿಸಿದವನು. ಅವನ ಹೆಸರು ಹಿಡಿದು ಅವಳನ್ನು ಕೂಗುವವರನ್ನು ನಾನು ಕಾಣೆ. ಉಧೋ ಉಧೋ ಎಂಬುದೆಲ್ಲ ಅವಳೊಬ್ಬಳಿಗೇ.

ಹುಲಿಗಿಯ ಜಾತ್ರೆಯಲ್ಲಿ ಕುದಿಯುವ ಪಾಯಸಕ್ಕೆ ಬರಿಗೈ ಹಾಕುತ್ತಾರೆ. ನೋಡುವವರಿಗೆ ಅದು ಪವಾಡ. ನನ್ನನ್ನು ಹಿಡಿದು ನಿಲ್ಲಿಸುವುದು ಗುಡಿಯ ಸುತ್ತ ಬುಟ್ಟಿಯಲ್ಲಿ ಅಮ್ಮನನ್ನು ಹೊತ್ತು, ಚೌಡಿಕೆ ನುಡಿಸುವ, ಅವಳಿಗೇ ಮುಡಿಪಾದ ಜೋಗತಿಯರು, ಜೋಗಪ್ಪಗಳು. ಮದುವೆಯಾಗಿ ಗುಡಿ ಸೇರಿದ ದೇವಿ ಇಂಥವರಿಗೆ ಜಾಗ ಕೊಡುವುದು ಕಷ್ಟವೇನೋ; ಅಲ್ಲಿ ಅವಳ ಪಕ್ಕದ ಜಾಗ ತುಂಬಿದೆ. ಇಲ್ಲಿ ಆ ಜಾಗ ಖಾಲಿಯಿದೆ, ಅದನ್ನು ಮನುಷ್ಯರೇ ತುಂಬಬೇಕು. ಕಲ್ಲುಕಂಬ ಎಂಬ ಊರಿನಲ್ಲಿ ಗಂಡಾಗಿ ಹುಟ್ಟಿದ ಮಂಜಮ್ಮ ಜೋಗತಿಯವರಿಗೆ 1975ರಲ್ಲಿ ದೀಕ್ಷೆಯಾದದ್ದು ಈ ಅಮ್ಮನ ಸನ್ನಿಧಿಯಲ್ಲಿ. ಆಮೇಲೆ ಮನೆ ಅವರನ್ನು ಉಳಿಸಿಕೊಳ್ಳಲಿಲ್ಲ, ಜೋಗತಿ ಕುಣಿತ ಉಳಿಸಿಕೊಂಡಿತು. ಮುಂದೆ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು; 2021ರಲ್ಲಿ ಪದ್ಮಶ್ರೀ.

ಖಾಲಿ ಜಾಗಕ್ಕೆ ಇನ್ನೊಂದು ಮುಖವೂ ಇದೆ. ದೇವದಾಸಿಯರೆಂದು ಮುತ್ತು ಕಟ್ಟಿಸಿ ಅಲ್ಲಿ ತಂದು ನಿಲ್ಲಿಸಿದ ಹುಡುಗಿಯರಲ್ಲಿ ಹೆಚ್ಚಿನವರು ಬಡ ದಲಿತರ ಮನೆಯವರು. ದೇವದಾಸಿ ಪದ್ಧತಿಗೆ ನಿಷೇಧದ ಕಾನೂನು ಬಂದದ್ದು 1982ರಲ್ಲಿ. ಕರೆಯದೆಯೂ ಬಂದ ತಾಯಿ ಆ ಹುಡುಗಿಯರನ್ನು ತಾನೇ ಕೇಳಿದಳೋ, ಊರಿನ ದೊಡ್ಡವರು ಅವಳ ಬಾಯಿಂದ ಕೇಳಿಸಿದರೋ? ಪಂಪೆಗೆ ಮದುವೆ ಗೊತ್ತು ಮಾಡಿದವರು ಅವಳನ್ನೊಂದು ಮಾತು ಕೇಳಿದ್ದರೇ?