ಬೈಯದೆ ತಿದ್ದುವ ಕಲಿಕೆ

ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ತಮ್ಮ ಮೊದಲ 'ಮಕ್ಕಳ ಮನೆ' ತೆರೆದರು. ಅಲ್ಲಿ ಮೂರು ವರ್ಷದ ಹುಡುಗಿಯೊಬ್ಬಳು ಮರದ ದಿಮ್ಮಿಯ ಕುಳಿಗಳಿಗೆ ಸಿಲಿಂಡರುಗಳನ್ನು ಕೂರಿಸುವುದು, ತೆಗೆಯುವುದು, ಮತ್ತೆ ಕೂರಿಸುವುದು ಮಾಡುತ್ತಿದ್ದಳು. ಅವಳ ಗಮನ ಎಷ್ಟು ಗಟ್ಟಿ ಎಂದು ನೋಡಲು ಮಾಂಟೆಸ್ಸರಿ ಸುತ್ತಲಿನ ಮಕ್ಕಳಿಗೆ ಹಾಡಲು ಹೇಳಿದರು. ಅವಳನ್ನು ಕುರ್ಚಿ ಸಮೇತ ಎತ್ತಿ ಮೇಜಿನ ಮೇಲಿಟ್ಟರು. ಅವಳು ದಿಮ್ಮಿಯನ್ನು ತೊಡೆಯ ಮೇಲಿಟ್ಟುಕೊಂಡು ಮುಂದುವರಿಸಿದಳು. 40ಕ್ಕೂ ಹೆಚ್ಚು ಸಲ ಮಾಡಿ, ಯಾರೂ ಹೇಳದೆ ತಾನೇ ನಿಲ್ಲಿಸಿದಳು. ಮುಖದಲ್ಲಿ ಚೆನ್ನಾಗಿ ನಿದ್ದೆ ಮಾಡಿ ಎದ್ದವರ ಗೆಲುವಿತ್ತು.

ಆ ಮಗು ಕಲಿತದ್ದೇನು? ದಪ್ಪ, ತೆಳುವಿನ ಅಂದಾಜು ಎನ್ನಬಹುದು. ನನಗೆ ಅದಕ್ಕಿಂತ ದೊಡ್ಡದೊಂದು ಕಾಣುತ್ತದೆ. ದಿಮ್ಮಿಯಲ್ಲಿ 10 ಕುಳಿ, 10 ಸಿಲಿಂಡರು. ತೆಳುವಾದುದನ್ನು ಅಗಲದ ಕುಳಿಗೆ ಹಾಕಿದರೆ ಕೊನೆಗೆ ದಪ್ಪದ್ದೊಂದು ಕೈಯಲ್ಲೇ ಉಳಿಯುತ್ತದೆ. ತಪ್ಪಾಗಿದೆ ಎಂದು ಮರವೇ ಹೇಳುತ್ತದೆ. ಗದರಿಕೆಯಿಲ್ಲ, ಅಂಕವಿಲ್ಲ, ಪಕ್ಕದ ಮನೆಯ ಮಗುವಿನ ಜೊತೆ ಹೋಲಿಕೆಯಿಲ್ಲ. ತಪ್ಪಿನ ಬೆನ್ನಿಗೆ ಅವಮಾನ ಬರುವುದಿಲ್ಲ.

ಇಂಥ ಕಲಿಕೆಗೆ ದುಬಾರಿ ಸಾಮಗ್ರಿಯೇ ಬೇಕೆಂದಿಲ್ಲ. ಉತ್ತರ ಕರ್ನಾಟಕದಲ್ಲಿ ಅವ್ವ ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕೂತ ಮಗುವಿಗೆ ನಿಂಬೆಹಣ್ಣಿನಷ್ಟು ಹಿಟ್ಟು ಸಿಗುತ್ತದೆ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ, ತಟ್ಟಿದಂತೆ ಅಂಚು ಬಿರಿಯುತ್ತದೆ. ಮಗು ಬೆರಳು ಒದ್ದೆ ಮಾಡಿಕೊಂಡು ಬಿರುಕು ಮುಚ್ಚುತ್ತದೆ. ನೀರು ಹೆಚ್ಚಾಗಿ ಕೈಗೆ ಅಂಟಿದರೆ ಒಣಹಿಟ್ಟು ಉದುರಿಸಿಕೊಳ್ಳುತ್ತದೆ. ಹಿಟ್ಟು ಮಗುವನ್ನು ಮೆಚ್ಚಿಸಲು ಹೋಗುವುದಿಲ್ಲ, ಮೋಸವನ್ನೂ ಮಾಡುವುದಿಲ್ಲ. ಮೊಬೈಲಿನ ಪರದೆ ಹಾಗಲ್ಲ, ಅಲ್ಲಿ ಬೆಕ್ಕು, ನೀರು, ಮರಳು ಎಲ್ಲವೂ ಬೆರಳಿಗೆ ಒಂದೇ ಗಾಜು.

ಮರವೂ ಹಿಟ್ಟೂ ಮಗುವಿಗೆ ಕಲಿಸುವುದು ಇದನ್ನೇ: ಜಗತ್ತು ನನ್ನಿಷ್ಟದಂತೆ ನಡೆಯುವುದಿಲ್ಲ, ಆದರೆ ಅದರ ರೀತಿ ಅರಿತರೆ ನನಗೂ ಒದಗುತ್ತದೆ. ಬದುಕಿಗೆ ಬೇಕಾದ ವಿನಯವೂ ಧೈರ್ಯವೂ ಈ ಅರಿವಿನಲ್ಲಿವೆ. ಉಪದೇಶದಿಂದ ಇದನ್ನು ಕೊಡಲಾಗದು, ಮಗುವಿನ ಕೈಯೇ ಕಂಡುಕೊಳ್ಳಬೇಕು.

2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 3ರಿಂದ 8 ವರ್ಷದ ಮಕ್ಕಳು ಆಡುತ್ತ ಕಲಿಯಲಿ ಎನ್ನುತ್ತದೆ. ಆದರೂ ಎಲ್‌ಕೆಜಿ ಮಗುವಿನ ಬ್ಯಾಗಿನಲ್ಲಿ ಕಾಪಿ ಪುಸ್ತಕವನ್ನೇ ಹುಡುಕುತ್ತೇವೆ. ಮಣ್ಣು ಮುಟ್ಟಿದರೆ 'ಛೀ, ಕೊಳೆ' ಎನ್ನುತ್ತೇವೆ. ತಾನೇ ಜೋಡಿಸುತ್ತಿದ್ದರೆ ಕೈಯಿಂದ ಕಸಿದು 'ಹೀಗಲ್ಲ, ಹೀಗೆ' ಎಂದು ತೋರಿಸುತ್ತೇವೆ. ಆ ಕ್ಷಣಕ್ಕೆ ವಸ್ತುವಿನ ಮಾತು ನಿಂತು ನಮ್ಮ ಮಾತು ಶುರುವಾಗುತ್ತದೆ.

ಪುಟ್ಟ ಮಕ್ಕಳು ಕೈಗೆ ಸಿಕ್ಕಿದ್ದನ್ನು ಬಾಯಿಗಿಡುತ್ತಾರೆ, ಆದ್ದರಿಂದ ಹತ್ತಿರವೇ ಇರಿ. ಆದರೆ ಮಗು ತಾನಾಗಿ ನಿಲ್ಲಿಸುವವರೆಗೆ ದಯವಿಟ್ಟು ಕೈ ಹಾಕಬೇಡಿ.