ಟೀಚರ್ ಕೇಳಿದ ಪ್ರಶ್ನೆ



ಶಾಲಾ ದಾಖಲಾತಿಯ ಕಾಲ ಬಂತೆಂದರೆ ಗುರುಮನೆಯ ಬಾಗಿಲಿಗೆ ಬಿಡುವೇ ಇರುವುದಿಲ್ಲ. ವರ್ಷವಿಡೀ ಭಾನುವಾರದ ಬಲಿಪೂಜೆಯಲ್ಲಿ ಕಾಣದ ಮುಖಗಳೂ ಆಗ ಕಾಣುತ್ತವೆ. "ಫಾದರ್, ಕಾನ್ವೆಂಟಿನಲ್ಲಿ ಮಗನಿಗೆ ಒಂದು ಸೀಟು ಬೇಕಿತ್ತು, ಒಂದು ಚೀಟಿ ಬರೆದುಕೊಡಿ" ಎನ್ನುತ್ತಾರೆ. ಬರೆದುಕೊಡುತ್ತೇನೆ. ಬಂದವರು ಫಲಿತಾಂಶದ ಬಗ್ಗೆ ವಿಚಾರಿಸುತ್ತಾರೆ, ಶಿಸ್ತಿನ ಬಗ್ಗೆ, ಇಂಗ್ಲಿಷಿನ ಬಗ್ಗೆ, ಶಾಲಾ ವಾಹನದ ಬಗ್ಗೆ ವಿಚಾರಿಸುತ್ತಾರೆ. ಅಲ್ಲಿ ಕಲಿಸುವವರಿಗೆ ಏನು ಕೊಡುತ್ತೀರಿ ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ಬಹಳ ವರ್ಷ ನಾನೂ ಆ ಪ್ರಶ್ನೆಯನ್ನು ನನಗೆ ಹಾಕಿಕೊಂಡಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಧರ್ಮಕೇಂದ್ರದಲ್ಲಿ ಗುರುವಾಗಿದ್ದಾಗ ಅಲ್ಲಿನ ಶಾಲೆಗೆ ನಾನೇ ಸಂಚಾಲಕ. ಹೆಸರಿಗೆ ಅನುದಾನಿತ ಶಾಲೆ. ಆದರೆ ನಿವೃತ್ತರಾದವರ ಸ್ಥಾನಗಳು ಖಾಲಿ ಬಿದ್ದಿದ್ದವು. ಅರ್ಧಕ್ಕಿಂತ ಹೆಚ್ಚು ತರಗತಿಗಳು ನಾವೇ ಗೌರವಧನಕ್ಕೆ ನೇಮಿಸಿಕೊಂಡ ಶಿಕ್ಷಕಿಯರ ಕೈಯಲ್ಲಿದ್ದವು. ಶಿಕ್ಷಕರ ದಿನಾಚರಣೆಯಂದು ನಾನು ದೊಡ್ಡದಾಗಿ ಬೋಧಿಸಿದೆ. ಶಿಕ್ಷಕ ವೃತ್ತಿ ದೇವರ ಕರೆ, ಶಿಕ್ಷಕರು ಮೇಣದಬತ್ತಿಯಂತೆ ತಾವು ಕರಗಿ ಬೆಳಕು ಕೊಡಬೇಕು ಎಂದೆಲ್ಲ ಹೇಳಿದೆ. ಚೆನ್ನಾಗಿಯೇ ಮಾತಾಡಿದೆ ಎಂದು ನನಗೂ ಅನಿಸಿತ್ತು.

ಸಂಜೆ ಮೂರನೇ ತರಗತಿಯ ಟೀಚರ್ ಗುರುಮನೆಗೆ ಬಂದರು. ಒಂಬತ್ತು ವರ್ಷದಿಂದ ನಮ್ಮಲ್ಲೇ ಇದ್ದವರು, ಹೆಚ್ಚು ಮಾತಿಲ್ಲದವರು. "ಫಾದರ್, ಬೇಜಾರು ಮಾಡ್ಕೋಬೇಡಿ. ಏಪ್ರಿಲ್, ಮೇ ತಿಂಗಳು ನಮಗೆ ಸಂಬಳ ಇಲ್ಲ. ಆ ಎರಡು ತಿಂಗಳೂ ನೀವು ಊಟ ಮಾಡ್ತೀರಲ್ವಾ?" ಎಂದರು.

ನನ್ನ ಬಳಿ ಉತ್ತರಗಳೇನೋ ಇದ್ದವು. ಸರ್ಕಾರ ಹುದ್ದೆ ತುಂಬಿಲ್ಲ, ಫೀಸು ಏರಿಸಿದರೆ ಬಡವರಿಗೆ ಕಷ್ಟ, ರಜೆಯಲ್ಲಿ ಪಾಠ ಇರುವುದಿಲ್ಲ. ಅವೆಲ್ಲ ಬಿಟ್ಟು "ದೇವರು ಕೈಬಿಡುವುದಿಲ್ಲ ಟೀಚರ್" ಎಂದೆ. "ಆಯ್ತು ಫಾದರ್" ಎಂದು ಅವರು ಹೊರಟುಹೋದರು.

ಇಂಥದೇ ಮಾತನ್ನು ಹಿಂದೆಲ್ಲೋ ಓದಿದ್ದೆ ಅನಿಸಿತು. ಸೆಮಿನರಿಯ ದಿನಗಳಲ್ಲಿ ಓದಿದ ಸಂತ ಜಾನ್ ಬ್ಯಾಪ್ಟಿಸ್ಟ್ ಡಿ ಲಾ ಸಾಲ್‌ರವರ ಚರಿತ್ರೆ ಅದು. ಏಪ್ರಿಲ್ 7ರಂದು ಧರ್ಮಸಭೆ ಅವರ ಹಬ್ಬವನ್ನು ಆಚರಿಸುತ್ತದೆ. 1651ರಲ್ಲಿ ಫ್ರಾನ್ಸಿನ ರೀಮ್ಸ್ ನಗರದ ಸಿರಿವಂತ ಮನೆತನದಲ್ಲಿ ಹುಟ್ಟಿದವರು. ಹದಿನಾರನೇ ವಯಸ್ಸಿಗೇ ಅಲ್ಲಿನ ಪ್ರಧಾನಾಲಯದಲ್ಲಿ ಕ್ಯಾನನ್ ಪದವಿ ದೊರೆಯಿತು. ಅಂದರೆ ಗೌರವವೂ ಖಾತ್ರಿ, ಬದುಕಿರುವವರೆಗೆ ಆದಾಯವೂ ಖಾತ್ರಿ. ಬಡ ಹುಡುಗರಿಗೆ ಶಾಲೆ ತೆರೆಯಲು 1679ರಲ್ಲಿ ಆಡ್ರಿಯನ್ ನಿಯೆಲ್ ಎಂಬ ಶ್ರೀಸಾಮಾನ್ಯ ವಿಶ್ವಾಸಿ ಆ ಊರಿಗೆ ಬಂದಾಗ, ಸ್ವಲ್ಪ ನೆರವು ಕೊಟ್ಟು ಬಿಡೋಣವೆಂದು ಅವರು ಕೈಹಾಕಿದರು. ಆ ಕಾಲದ ಬಡ ಶಾಲೆಗಳ ಶಿಕ್ಷಕರು ಹೆಚ್ಚು ಓದಿದವರಲ್ಲ, ನಡೆನುಡಿಯಲ್ಲಿ ಒರಟರು. ಅವರನ್ನು ತಮ್ಮ ಮನೆಯ ಸೇವಕನಿಗಿಂತಲೂ ಕೀಳೆಂದು ತಾವು ಎಣಿಸಿದ್ದುದನ್ನು ಈ ಸಂತರೇ ಮುಂದೆ ಬರೆದುಕೊಂಡಿದ್ದಾರೆ. ಮೊದಲು ಅವರಿಗೆ ಬಾಡಿಗೆ ಮನೆ ಹುಡುಕಿಕೊಟ್ಟರು. ಆಮೇಲೆ ತಮ್ಮ ಊಟದ ಮೇಜಿಗೆ ಕರೆದರು. 1681ರಲ್ಲಿ ತಮ್ಮ ಮನೆಯೊಳಗೇ ಇರಿಸಿಕೊಂಡರು. ಬಂಧುಗಳು ಸಿಟ್ಟಾದರು. ಮರುವರ್ಷ ಡಿ ಲಾ ಸಾಲ್ ತಮ್ಮ ಮನೆಯನ್ನೇ ಬಿಟ್ಟು ಶಿಕ್ಷಕರ ಜೊತೆ ವಾಸಕ್ಕೆ ಹೋದರು.

ಅಲ್ಲಿ ಶಿಕ್ಷಕರಿಗೆ ನಾಳಿನ ಚಿಂತೆ. ಮುಪ್ಪಿನಲ್ಲಿ, ಕಾಯಿಲೆಯಲ್ಲಿ ನಮ್ಮ ಗತಿಯೇನು ಎಂದು ಕೇಳಿದರು. ಆಕಾಶದ ಹಕ್ಕಿಗಳನ್ನೂ ಹೊಲದ ಹೂಗಳನ್ನೂ ನೆನಪಿಸಿ ದೈವಾನುಗ್ರಹವನ್ನು ನಂಬಿರೆಂದು ಅವರು ಬೋಧಿಸಿದರು. ನಿಮಗೆ ಆಸ್ತಿ ಇದೆ, ಕ್ಯಾನನ್ ಪದವಿ ಇದೆ, ಶಾಲೆ ಮುಚ್ಚಿದರೆ ನೀವು ನಿಂತೇ ಇರುತ್ತೀರಿ, ಬೀದಿಗೆ ಬೀಳುವವರು ನಾವು ಎಂದು ಶಿಕ್ಷಕರು ನೇರವಾಗಿಯೇ ಹೇಳಿದರು. ಅದು ಸತ್ಯವೆಂದು ಅವರಿಗೆ ಹೊಳೆಯಿತು. 1683ರಲ್ಲಿ ಪದವಿಯನ್ನು ತ್ಯಜಿಸಿದರು. ಅದನ್ನು ತಮ್ಮ ತಮ್ಮನಿಗೆ ಕೊಡಿಸದೆ ಒಬ್ಬ ಬಡ ಗುರುವಿಗೆ ಬಿಟ್ಟುಕೊಟ್ಟರು. ಆಮೇಲೆ ಬಂದ ಬರಗಾಲದಲ್ಲಿ ಆಸ್ತಿಯನ್ನು ಹಸಿದವರಿಗೆ ಹಂಚಿದರು. ಈಗ ಅವರಿಗೂ ಶಿಕ್ಷಕರಿಗೂ ನಾಳೆ ಒಂದೇ ಆಯಿತು. ಮಕ್ಕಳಿಗೆ ಲ್ಯಾಟಿನ್ ಬದಲು ಅವರದೇ ಫ್ರೆಂಚ್ ಭಾಷೆಯಲ್ಲಿ ಓದು ಕಲಿಸುವ, ಶುಲ್ಕವಿಲ್ಲದ ಆ ಶಾಲೆಗಳು ಬೇರೂರಿದ್ದು ಅಂಥ ಸಹಬಾಳ್ವೆಯಲ್ಲಿ.

ಅವರನ್ನು 1900ರಲ್ಲಿ ಸಂತರೆಂದು ಘೋಷಿಸಿದವರು ಹದಿಮೂರನೇ ಲಿಯೋ ಜಗದ್ಗುರುಗಳು. ದುಡಿಯುವವರಿಗೆ ನ್ಯಾಯವಾದ ವೇತನ ಸಲ್ಲಬೇಕೆಂದು 1891ರಲ್ಲಿ 'ರೇರುಮ್ ನೋವಾರುಮ್' ವಿಶ್ವಪತ್ರ ಬರೆದವರೂ ಅವರೇ. ಈ ಎರಡನ್ನೂ ನಾವು ಬೇರೆ ಬೇರೆ ಪಾಠಗಳಾಗಿ ಓದಿ ಪರೀಕ್ಷೆ ಬರೆದೆವು, ಕೂಡಿಸಿ ನೋಡಲಿಲ್ಲ. ಕಥೋಲಿಕ ಶಾಲೆ ತನ್ನ ಗುರಿ ಮುಟ್ಟುವುದು ಎಲ್ಲಕ್ಕಿಂತ ಹೆಚ್ಚಾಗಿ ಶಿಕ್ಷಕರಿಂದಲೇ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಕ್ರೈಸ್ತ ಶಿಕ್ಷಣದ ಕುರಿತ ಘೋಷಣೆಯಲ್ಲಿ ಸಾರಿತು. ಧರ್ಮಸಭೆಯ ಸ್ವತ್ತನ್ನು ನಡೆಸುವವರು ಕೆಲಸದವರಿಗೆ ನ್ಯಾಯವಾದ, ಬದುಕಿಗೆ ಸಾಲುವ ವೇತನ ಕೊಡಬೇಕೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆ 1286ನೇ ವಿಧಿಯಲ್ಲಿ ಹೇಳುತ್ತದೆ. ಇದು ಉಪದೇಶವಲ್ಲ, ಕಾನೂನು. ಇನ್ನು ಸಂತ ಯಕೋಬರ ಪತ್ರದ ಐದನೇ ಅಧ್ಯಾಯದ ಮೊದಲ ವಚನಗಳನ್ನು ಇಂದು ರಾತ್ರಿ ಜಪಮಾಲೆಯ ನಂತರ ಮನೆಯವರೆಲ್ಲ ಸೇರಿ ಓದಿ. ನಾನು ಅದನ್ನು ಎಷ್ಟೋ ಬಾರಿ ಪೀಠದಿಂದ ಓದಿದ್ದೆ, ಶ್ರೀಮಂತ ಜಮೀನುದಾರರನ್ನು ಮನಸ್ಸಿನಲ್ಲಿಟ್ಟುಕೊಂಡು.

ಮನುಷ್ಯನನ್ನು ಬರೀ ಸಾಧನವಾಗಿ ಬಳಸಬಾರದೆಂದು ತತ್ವಶಾಸ್ತ್ರದ ತರಗತಿಯಲ್ಲಿ ಕಲಿತಿದ್ದೇವೆ. ಶಾಲೆಯ ಉದ್ದೇಶ ಪವಿತ್ರವಾದಷ್ಟೂ ಈ ತಪ್ಪು ಕಣ್ಣಿಗೆ ಬೀಳುವುದು ಕಡಿಮೆ. "ಸೇವೆ" ಎಂಬ ಮಾತು ನಮ್ಮ ಬಾಯಲ್ಲಿ ಎಷ್ಟು ಸುಲಭವಾಗಿ ಇನ್ನೊಬ್ಬರ ಸಂಬಳವನ್ನು ನುಂಗುತ್ತದೆ! ಕೊನೆಯ ಭೋಜನದಲ್ಲಿ ಪ್ರಭು ಮೇಜಿನಿಂದೆದ್ದು ಶಿಷ್ಯರ ಪಾದ ತೊಳೆದರು. ನೀವು ಒಬ್ಬರ ಪಾದವನ್ನೊಬ್ಬರು ತೊಳೆಯಿರಿ ಎಂದು ಹೇಳುವ ಮೊದಲೇ ಸೊಂಟಕ್ಕೆ ಟವಲು ಸುತ್ತಿಕೊಂಡಿದ್ದರು.

ಆ ವರ್ಷ ಶಾಲೆಯ ಮುಂದೆ ಒಂದು ಕಮಾನು ಕಟ್ಟಿಸುವ ಯೋಜನೆ ಇತ್ತು. ಕಮಾನಿಗೆ ದಾನಿಗಳೂ ಇದ್ದರು. ಆ ಹಣವನ್ನು ಏಪ್ರಿಲ್, ಮೇ ತಿಂಗಳ ಸಂಬಳಕ್ಕೆ ಕೊಡಿ ಎಂದಾಗ ಒಬ್ಬರು ಬಿಟ್ಟು ಉಳಿದವರೆಲ್ಲ ಹಿಂದೆ ಸರಿದರು. ಸಂಬಳದ ಮೇಲೆ ಹೆಸರು ಕೆತ್ತಿಸಲು ಆಗುವುದಿಲ್ಲವಲ್ಲ. ಪಾಲಕರ ಸಭೆಯಲ್ಲಿ ಲೆಕ್ಕಪತ್ರ ತೆರೆದಿಟ್ಟೆವು. ವಾರ್ಷಿಕೋತ್ಸವದ ದೀಪಾಲಂಕಾರ, ಶಾಮಿಯಾನ, ಎರಡನೇ ದಿನದ ಕಾರ್ಯಕ್ರಮ ಕೈಬಿಟ್ಟೆವು. ಅನುಕೂಲಸ್ಥರ ಫೀಸನ್ನು ಸ್ವಲ್ಪ ಏರಿಸಿದೆವು. ಕೆಲವರು ಗೊಣಗಿದರು, ಒಂದಿಬ್ಬರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಮೊದಲ ಬೇಸಿಗೆಯಲ್ಲಿ ಒಂದು ತಿಂಗಳ ಸಂಬಳ ಕೊಡಲಾಯಿತು, ಮರುವರ್ಷ ಎರಡೂ ತಿಂಗಳದ್ದು. ಡಿ ಲಾ ಸಾಲ್‌ರಂತೆ ನಾನು ಏನನ್ನೂ ತ್ಯಜಿಸಲಿಲ್ಲ. ನನ್ನ ಊಟ ಆ ಬೇಸಿಗೆಗಳಲ್ಲೂ ಹೊತ್ತಿಗೆ ಸರಿಯಾಗಿಯೇ ಆಯಿತು.

ಪ್ರಿಯ ಓದುಗರೇ, ಮುಂದಿನ ಬಾರಿ ಸೀಟಿನ ಚೀಟಿಗಾಗಿ ಗುರುಮನೆಗೆ ಬಂದಾಗ ಟೀಚರ್ ಕೇಳಿದ್ದನ್ನೇ ನೀವೂ ಕೇಳಿ. ನಿಮ್ಮ ಧರ್ಮಕೇಂದ್ರದ ಗುರುಗಳಿಗೆ ಇರಿಸುಮುರಿಸಾಗಬಹುದು. ಆಗಲಿ.

ಆ ಟೀಚರ್ ಮಾತ್ರ ಸಂಬಳ ಶುರುವಾಗುವ ಮೊದಲೇ ಕೆಲಸ ಬಿಟ್ಟಿದ್ದರು. ಈಚೆಗೆ ಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಬಿಲ್ ಬರೆಯುವ ಕಡೆ ಕುಳಿತಿದ್ದುದನ್ನು ಕಂಡೆ. ಬೇಸಿಗೆಯಲ್ಲೂ ಸಂಬಳ ಸಿಗುವ ಹಾಗೆ ಮಾಡಿದೆವು ಟೀಚರ್ ಎಂದೆ. "ಒಳ್ಳೇದಾಯ್ತು ಫಾದರ್" ಎಂದು ಬಿಲ್ಲು ನನ್ನ ಕೈಗಿತ್ತರು. ಆಮೇಲೆ, "ಮೂರನೇ ಕ್ಲಾಸಿಗೆ ಈಗ ಯಾರಿದ್ದಾರೆ?" ಎಂದು ಕೇಳಿದರು.